ವಟಸಾವಿತ್ರಿಯ ನೂಲು ಬಿಳಲಿಗೆ ಉರುಳಾಗದಿರಲಿ

ಜ್ಯೇಷ್ಠ ಮಾಸದ ಹುಣ್ಣಿಮೆ ಉತ್ತರ ಕರ್ನಾಟಕದ ಊರುಗಳಲ್ಲಿ ಎತ್ತುಗಳಿಗೆ ಕಾರಹುಣ್ಣಿಮೆ, ಮುತ್ತೈದೆಯರಿಗೆ ವಟಸಾವಿತ್ರಿ. ಆಲದ ಬುಡಕ್ಕೆ ನೀರೆರೆದು, ಅರಿಸಿನ ಕುಂಕುಮ ಏರಿಸಿ, ಮಾವಿನ ಹಣ್ಣು ಇಟ್ಟು ಏಳು ಸುತ್ತು ನೂಲು ಸುತ್ತುತ್ತಾರೆ. ಸತ್ಯವಾನನಿಗೆ ಜೀವ ಮರಳಿದ್ದು ಈ ಮರದ ನೆರಳಲ್ಲೇ ಅಲ್ಲವೇ?

ನಮ್ಮ ಕೈ ಮುಗಿಯುವುದು ಬೊಡ್ಡೆಗೆ. ಹಳೆಯ ಆಲ ನಿಂತಿರುವುದು ಮಾತ್ರ ಬಿಳಲುಗಳ ಮೇಲೆ. ಬೆಂಗಳೂರಿನ ರಾಮೋಹಳ್ಳಿ ಹತ್ತಿರದ ದೊಡ್ಡ ಆಲದ ಮರ ಸುಮಾರು 400 ವರ್ಷದ್ದು, ಮೂರು ಎಕರೆ ಹರಡಿದೆ. ಅದರ ಮೂಲ ಬೊಡ್ಡೆ 2000ದ ಹೊತ್ತಿಗೆ ರೋಗದಿಂದ ಹೋಯಿತು. ಈಗ ಇರುವುದೆಲ್ಲ ಒಂದು ಕಾಲದಲ್ಲಿ ಗಾಳಿಗೆ ತೂಗಾಡುತ್ತಿದ್ದ ಬಿಳಲುಗಳೇ.

ಹಾಗಾಗಿ ನೂಲು ಹತ್ತಿಯದೇ ಇರಲಿ, ಮಳೆಗಾಲ ಕಳೆಯುವಷ್ಟರಲ್ಲಿ ಕೊಳೆತು ಉದುರುತ್ತದೆ. ನೈಲಾನ್ ದಾರ ಕೊಳೆಯುವುದಿಲ್ಲ. ಬೆರಳು ಗಾತ್ರದ ಬಿಳಲಿಗೆ ಅದನ್ನು ಬಿಗಿದರೆ, ಬಿಳಲು ದಪ್ಪಗಾದಂತೆ ದಾರ ತೊಗಟೆಯೊಳಗೆ ಇಳಿಯುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಕೆಳಗಿಳಿಯುವುದು ತೊಗಟೆಯ ಒಳಪದರದಲ್ಲೇ. ಅದು ಕಡಿದುಹೋದರೆ ಕೆಳಗಿನ ಬೇರಿಗೆ ಉಪವಾಸ. ನಿತ್ಯ ದೀಪವನ್ನು ಬುಡಕ್ಕೆ ಆನಿಸದೆ ಮೂರು ಅಡಿ ಆಚೆ ಕಲ್ಲಿನ ಮೇಲಿಡಿ. ಪೊಟರೆಯಲ್ಲಿ ಕರ್ಪೂರ ಹಚ್ಚುವುದಂತೂ ಬೇಡವೇ ಬೇಡ, ಒಣ ತಿರುಳು ಒಳಗೊಳಗೇ ಹೊಗೆಯಾಡಿ ಉರಿಯುತ್ತದೆ. ಕಟ್ಟೆಗೆ ಸಿಮೆಂಟ್ ಬಳಿಯುವ ಹರಕೆ ಹೊತ್ತವರು ಆ ದುಡ್ಡಲ್ಲಿ ಗೊಬ್ಬರ ತರಿಸಲಿ. ನೀರು ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ ಅಡಿ ಮಣ್ಣಲ್ಲೇ ಇರುತ್ತವೆ, ಅವಕ್ಕೆ ಗಾಳಿಯೂ ಬೇಕು.

ಇಳಿಯುತ್ತಿರುವ ಬಿಳಲಿನ ತುದಿ ದನದ ಬಾಯಿಗೆ, ಮಕ್ಕಳ ಜೋಕಾಲಿಗೆ ಸಿಕ್ಕಿ ಮುರಿಯುವುದೇ ಹೆಚ್ಚು. ಬಿದಿರನ್ನು ಉದ್ದಕ್ಕೆ ಸೀಳಿ, ಗೆಣ್ಣು ಕೆತ್ತಿ, ಕೆಂಪು ಮಣ್ಣು ಮತ್ತು ಕೊಳೆತ ಗೊಬ್ಬರ ತುಂಬಿ, ತುದಿಯನ್ನು ಒಳಗಿಟ್ಟು ನೆಲದವರೆಗೆ ನಿಲ್ಲಿಸಿ. ಬೇಸಿಗೆಯಲ್ಲಿ ಮಣ್ಣು ಒಣಗಬಾರದು. ಬಿಳಲು ನೆಲದಲ್ಲಿ ಬೇರೂರಿ ಗಟ್ಟಿಯಾದ ಮೇಲೆ ಬಿದಿರು ಬಿಚ್ಚಿ.

ಪೇಟೆಯಿಂದ ಟೊಂಗೆ ತಂದು ಮನೆಯಲ್ಲೇ ಪೂಜೆ ಮುಗಿಸುವ ಅಭ್ಯಾಸ ಈಚೆಗೆ ಹೆಚ್ಚಿದೆ. ಸಾವಿತ್ರಿ ಆಯುಷ್ಯ ಬೇಡಿದಳು, ನಾವು ಅದೇ ಬೇಡಲು ಮರದ ಕೈ ಮುರಿಯುತ್ತೇವೆ! ಮಣೆಯ ಮೇಲೆ ಗಂಧದಲ್ಲಿ ಬಿಡಿಸಿದ ಆಲಕ್ಕೂ ಪೂಜೆ ಸಲ್ಲುತ್ತದೆ.

ಊರ ಮರಕ್ಕೆ ದಾಖಲೆ ಬೇಕೆಂದರೆ ಅದೇ ನೂಲು ಸಾಕು. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಮೊದಲ ಸುತ್ತು ಹಾಕಿ, ಅದರ ಉದ್ದ ಅಳೆದು, ನೆಲ ಮುಟ್ಟಿದ ಬಿಳಲುಗಳ ಎಣಿಕೆಯ ಜೊತೆ ಗುಡಿಯ ಪುಸ್ತಕದಲ್ಲಿ ಬರೆದಿಡಿ. ಬೊಡ್ಡೆಗೆ ಬಿಳಲುಗಳೂ ಕೂಡಿಕೊಂಡಿರುವುದರಿಂದ ಸುತ್ತಳತೆ ನೋಡಿ ಆಲದ ವಯಸ್ಸು ಹೇಳಲಾಗದು. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ನಿಮ್ಮೂರ ಮರಕ್ಕೂ ಅಂಥ ಮನ್ನಣೆ ಕೇಳುವುದಾದರೆ ಈ ಪುಸ್ತಕವನ್ನೇ ಹಿಡಿದು ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೆ ಹೋಗಿ.