ಮುಧೋಳ ನಾಯಿ ಬೇಕು ಅನ್ನೋರಿಗೆ

ಮುಧೋಳ ನಾಯಿಮರಿ ಎಲ್ಲಿ ಸಿಗುತ್ತೆ ಅಂತ ಕೇಳೋರಿಗೆ ನಂದೊಂದೇ ಪ್ರಶ್ನೆ, ಓಡೋಕೆ ಜಾಗ ಇದ್ಯಾ? ಬಾಗಲಕೋಟೆ ಕಡೆ ಬಯಲಲ್ಲಿ ಮೊಲದ ಹಿಂದೆ ಓಡಿ ಬೆಳೆದ ತಳಿ ಇದು, ಮೂಗಿಗಿಂತ ಕಣ್ಣನ್ನೇ ಜಾಸ್ತಿ ನಂಬುತ್ತೆ, ದೂರದಲ್ಲಿ ಏನಾದ್ರೂ ಅಲ್ಲಾಡಿದ್ರೆ ಸಾಕು ನೀವು ಎಷ್ಟೇ ಕೂಗಿದ್ರೂ ಕಿವಿಗೇ ಹಾಕ್ಕೊಳಲ್ಲ, ಅದಕ್ಕೇ ರೋಡಲ್ಲಿ ಬೆಲ್ಟ್ ಬಿಚ್ಚಲೇಬೇಡಿ. ಸದಾ ಕಟ್ಟಿಹಾಕಿದ್ರೆ ಮಂಕಾಗುತ್ತೆ, ಇಲ್ಲಾ ಸಿಟ್ಟು ಜಾಸ್ತಿ ಆಗುತ್ತೆ. ಹೊಸಬರು ಮೈ ಮುಟ್ಟಿದ್ರೆ ಆಗಲ್ಲ, ಮನೆಯವರ ಹತ್ರ ಮಾತ್ರ ಸಲಿಗೆ. ಮೈಕಟ್ಟೇ ಸಣಕಲು ಅಂತ ಗೊತ್ತಿಲ್ದೆ ನೆಂಟರು "ಊಟ ಹಾಕಲ್ವೇನೋ" ಅಂತಾರೆ 😄 ಕೂದಲೂ ತೆಳು, ಚಳಿಗೆ ಗೋಣಿಚೀಲ ಹಾಸಿ. 2005ರಲ್ಲಿ ಅಂಚೆಚೀಟಿ ಮೇಲೆ ಬಂತು, ಆಮೇಲೆ ಸೇನೆಗೂ ಹೋಯ್ತು, ಹೆಸರು ಬಂದಿದ್ದೇ ತಡ ಫ್ಲ್ಯಾಟಲ್ಲಿರೋರಿಗೂ ಬೇಕಂತೆ. ಪಾಪ, ಬಾಲ್ಕನೀಲಿ ಯಾವ ಮೊಲ ಹುಡುಕ್ಬೇಕು ಅದು?