ಫಿಲ್ಟರ್ ಹಾಕಿದರೆ ಆಯ್ತಲ್ವಾ?

ಒಂಟಿ ಫೋಟಾನ್‌ಗಳ, ಅಂದರೆ ಬೆಳಕಿನ ಬಿಡಿ ಕಣಗಳ, ಬಣ್ಣ ತಿದ್ದುವುದು ನನ್ನ ಕೆಲಸ. ಲ್ಯಾಬಿಗೆ ಹೊಸದಾಗಿ ಬಂದವರು ಹೆಚ್ಚುಕಡಿಮೆ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ: "ಫೋಟಾನ್‌ನ ಬಣ್ಣದ ಹರವು ಜಾಸ್ತಿಯಾದರೆ ಫಿಲ್ಟರ್ ಹಾಕಿದರೆ ಆಯ್ತಲ್ವಾ?"

ಲೇಸರ್ ಆಗಿದ್ದರೆ ಆಯ್ತು. ಅಲ್ಲಿ ಬೆಳಕು ಧಾರಾಳ, ಕಡಿಮೆ ಬಿದ್ದರೆ ಆಂಪ್ಲಿಫೈಯರ್ ಇದೆ. ಒಂಟಿ ಫೋಟಾನ್‌ಗೆ ಆ ಅನುಕೂಲವಿಲ್ಲ. ಅದು ಫಿಲ್ಟರ್ ದಾಟುತ್ತದೆ, ಇಲ್ಲವೇ ಕಳೆದುಹೋಗುತ್ತದೆ. ಆಂಪ್ಲಿಫೈಯರ್ ಹಾಕಿ ಅದರ ಪ್ರತಿ ಮಾಡಿಕೊಳ್ಳೋಣ ಎಂದರೆ, ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲಾಗದು ಎಂದು 1982ರಲ್ಲೇ ಸಾಬೀತಾಗಿದೆ. ಹರವನ್ನು ಐದನೇ ಒಂದು ಭಾಗಕ್ಕೆ ಕತ್ತರಿಸಿದರೆ ಐದರಲ್ಲಿ ಸುಮಾರು ನಾಲ್ಕು ಫೋಟಾನ್ ಹೋದವು. ಎರಡು ಫೋಟಾನ್ ಒಟ್ಟಿಗೆ ಬೇಕಾದರೆ 25 ಜೋಡಿಯಲ್ಲಿ ಉಳಿಯುವುದು ಒಂದೇ.

ಅಷ್ಟಕ್ಕೂ ಕಿರಿದಾಗಿಸಬೇಕೇಕೆ? ಹರಳಿನಿಂದ ಹುಟ್ಟುವ ಫೋಟಾನ್ 1550 ನ್ಯಾನೋಮೀಟರ್ ಸುತ್ತ ಒಂದು ನ್ಯಾನೋಮೀಟರ್ ಹರಡಿದೆ ಅಂದುಕೊಳ್ಳಿ. ಆವರ್ತನದ ಲೆಕ್ಕದಲ್ಲಿ ಅಂದರೆ ಸುಮಾರು 125 ಗಿಗಾಹರ್ಟ್ಸ್. ಅದನ್ನು ಹಿಡಿದಿಡಬೇಕಾದ ರುಬಿಡಿಯಂ ಪರಮಾಣು ಸ್ಪಂದಿಸುವುದು ಸುಮಾರು 6 ಮೆಗಾಹರ್ಟ್ಸ್ ಅಗಲದಲ್ಲಿ. ಇಬ್ಬರಿಗೂ ಮಾತೇ ಹೊಂದುವುದಿಲ್ಲ. (ಎರಡರ ಬಣ್ಣವೂ ಬೇರೆ. ಅದು ಬೇರೆಯೇ ತಲೆನೋವು.)

ಹಾಗಾಗಿ ಕತ್ತರಿಸದೆ ಮಡಚಬೇಕು. ನಾವು ಬಳಸುವುದು ಟೈಮ್ ಲೆನ್ಸ್, ಮಾಮೂಲಿ ಲೆನ್ಸ್ ಜಾಗದಲ್ಲಿ ಮಾಡುವುದನ್ನು ಕಾಲದಲ್ಲಿ ಮಾಡುವ ಏರ್ಪಾಡು. ಮೊದಲು ಫೋಟಾನ್ ಅನ್ನು ಒಂದು ಕಿಲೋಮೀಟರ್ ಫೈಬರ್‌ನಲ್ಲಿ ಓಡಿಸುತ್ತೇವೆ. ಈ ತರಂಗಾಂತರದಲ್ಲಿ ನೀಲಿ ಕಡೆಯ ಭಾಗ ಮುಂದೆ ಹೋಗುತ್ತದೆ, ಕೆಂಪು ಕಡೆಯದು ಹಿಂದೆ ಬೀಳುತ್ತದೆ. ಫೋಟಾನ್ ಸುಮಾರು 17 ಪಿಕೋಸೆಕೆಂಡ್ ಉದ್ದಕ್ಕೆ ಹಿಗ್ಗುತ್ತದೆ. ಆಮೇಲೆ ಲಿಥಿಯಂ ನಿಯೋಬೇಟ್ ಮಾಡ್ಯುಲೇಟರ್, ಅಂದರೆ ವಿದ್ಯುತ್ ಸಂಕೇತದಿಂದ ಬೆಳಕಿನ ಫೇಸ್ (ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬುದು) ಬದಲಿಸುವ ಹರಳು. ಅದಕ್ಕೆ 10 ಗಿಗಾಹರ್ಟ್ಸ್ ಮೈಕ್ರೋವೇವ್ ಕೊಟ್ಟು, ಅಲೆಯ ತುದಿ ಸರಿಯಾಗಿ ಫೋಟಾನ್ ಮೇಲೆ ಬೀಳುವಂತೆ ಹೊಂದಿಸುತ್ತೇವೆ. ಮುಂದಿನ ನೀಲಿಯ ಆವರ್ತನ ಇಳಿಯುತ್ತದೆ, ಹಿಂದಿನ ಕೆಂಪಿನದು ಏರುತ್ತದೆ, ಎರಡೂ ನಡುವೆ ಬಂದು ಸೇರುತ್ತವೆ. ಹರವು ಐದಾರು ಪಟ್ಟು ಕುಗ್ಗುತ್ತದೆ. ತತ್ವದಲ್ಲಿ ಒಂದು ಫೋಟಾನ್ ಕೂಡ ಕಳೆಯುವುದಿಲ್ಲ.

ಕಾಗದದ ಮೇಲೆ ಸುಲಭ. ನಮ್ಮ ನಿಜವಾದ ಶತ್ರು ಕೋಣೆಯ ಎಸಿ. ಒಂದು ಡಿಗ್ರಿ ಬಿಸಿಯಾದರೆ ಆ ಒಂದು ಕಿಲೋಮೀಟರ್ ಸುರುಳಿಯಿಂದ ಫೋಟಾನ್ ಬರುವುದು 35–40 ಪಿಕೋಸೆಕೆಂಡ್ ತಡವಾಗುತ್ತದೆ. ಮೈಕ್ರೋವೇವ್‌ನ ಒಂದು ಸುತ್ತು 100 ಪಿಕೋಸೆಕೆಂಡ್. ಕಾಲು ಸುತ್ತು, ಅಂದರೆ 25 ಪಿಕೋಸೆಕೆಂಡ್, ತಪ್ಪಿದರೆ ಅಲೆಯ ಬಾಗೇ ಇರುವುದಿಲ್ಲ, ಅದನ್ನೂ ದಾಟಿದರೆ ಬಾಗು ಉಲ್ಟಾ ಆಗುತ್ತದೆ. ಆಗ ಲೆನ್ಸ್ ಹರವನ್ನು ಕುಗ್ಗಿಸುವ ಬದಲು ಹಿಗ್ಗಿಸುತ್ತದೆ! ಸುರುಳಿಯನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಬಾಗಿಲು ತೆರೆದವರನ್ನೆಲ್ಲ ಗುರಾಯಿಸುತ್ತಾ ಕೂತಿರುತ್ತೇನೆ.

ಇನ್ನೊಂದು ವಿಷಯಕ್ಕೂ ನನಗೆ ತಕರಾರಿದೆ. "ನಷ್ಟವಿಲ್ಲದ ವಿಧಾನ" ಎಂದು ಬರೆಯುವವರು ಮಾಡ್ಯುಲೇಟರ್ ಪೆಟ್ಟಿಗೆಯನ್ನು ಮರೆಯುತ್ತಾರೆ. ಫೈಬರ್‌ನಿಂದ ಒಳಗೆ ಹೋಗಿ ಹೊರಬರುವಷ್ಟರಲ್ಲಿ ಸುಮಾರು 3 ಡೆಸಿಬೆಲ್ ಖೋತಾ. ಅರ್ಧ ಫೋಟಾನ್‌ಗಳು ಹೋದವು. ಆದರೂ ಎರಡು ಫೋಟಾನ್‌ಗಳ ಲೆಕ್ಕದಲ್ಲಿ ನಾಲ್ಕಕ್ಕೊಂದು ಜೋಡಿ ಉಳಿಯುತ್ತದೆ. 25ಕ್ಕೊಂದರ ಮುಂದೆ ಇದು ಎಷ್ಟೋ ವಾಸಿ.

2017ರಲ್ಲಿ ಇದೇ ರೀತಿ ಒಂಟಿ ಫೋಟಾನ್‌ನ ಹರವನ್ನು ಆರು ಪಟ್ಟು ಕುಗ್ಗಿಸಿ ತೋರಿಸಿದರು. 2023ರಲ್ಲಿ ವಾರ್ಸಾ ವಿಶ್ವವಿದ್ಯಾಲಯದ ತಂಡ ನೂರು ಪಟ್ಟಿಗೂ ಮೀರಿ ಹೋಯಿತು. ಉಪಾಯ ಚೆನ್ನಾಗಿದೆ: ಮಾಡ್ಯುಲೇಟರ್ ಕೊಡಬಲ್ಲ ಫೇಸ್‌ಗೆ ಒಂದು ಮಿತಿ ಇದೆ, ಆದ್ದರಿಂದ ಫೇಸ್ ಒಂದು ಪೂರ್ತಿ ಸುತ್ತು ಮುಗಿಸಿದಾಗಲೆಲ್ಲ ಮತ್ತೆ ಸೊನ್ನೆಗೆ ಇಳಿಸುವುದು. ಕಡಲತೀರದ ದೀಪಸ್ತಂಭದ ಫ್ರೆನೆಲ್ ಲೆನ್ಸ್ ಕೂಡ ಹೀಗೇ, ದಪ್ಪ ಗಾಜನ್ನು ಉಂಗುರಗಳಾಗಿ ಕತ್ತರಿಸಿ ತೆಳ್ಳಗೆ ಮಾಡಿದ್ದು.

ಆ ದಾರಿ ಹಿಡಿದರೆ ಫೋಟಾನ್ ಅನ್ನು ಇನ್ನೂ ಬಹಳ ಉದ್ದಕ್ಕೆ ಹಿಗ್ಗಿಸಬೇಕು. ಮಾಮೂಲಿ ಫೈಬರ್‌ನಲ್ಲೇ ಮಾಡುತ್ತೇನೆಂದರೆ ಹತ್ತಾರು ಕಿಲೋಮೀಟರ್ ಸುರುಳಿ, ಅಷ್ಟೇ ಪಟ್ಟು ಎಸಿ ಕಾಟ. ಹಾಗಾಗಿ ಈಗ ಚರ್ಪ್ಡ್ ಬ್ರ್ಯಾಗ್ ಗ್ರೇಟಿಂಗ್ ನೋಡುತ್ತಿದ್ದೇವೆ, ಒಂದೊಂದು ಬಣ್ಣವನ್ನು ಒಂದೊಂದು ದೂರದಿಂದ ಹಿಂದಕ್ಕೆ ಕಳಿಸುವ ಫೈಬರ್ ಅದು. ಕೆಲವೇ ಮೀಟರ್ ಫೈಬರ್‌ನಲ್ಲಿ ಅಷ್ಟೇ ಹಿಗ್ಗಿಸುತ್ತದೆ. ಒಂದು ನಿಗದಿತ ತರಂಗಾಂತರದ ಪಟ್ಟಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ ಎನ್ನುವುದು ಅದರ ತೊಂದರೆ. ನಮ್ಮ ಹರಳಿನ ಫೋಟಾನ್ ಆ ಪಟ್ಟಿಯ ಅಂಚಿಗೆ ಬರುತ್ತದೆ, ಹರಳನ್ನು ಸ್ವಲ್ಪ ಬಿಸಿಮಾಡಿ ಫೋಟಾನ್ ಅನ್ನು ಒಳಗೆ ತಳ್ಳಬೇಕು.