ಗ್ಯಾಲ್ವೆಸ್ಟನ್ ಕ್ರೂಸ್: ಊರಿಂದ ಬಂದ ಅಪ್ಪ-ಅಮ್ಮನ ಜೊತೆ ಯಾವ ಹಡಗು ಹತ್ತಬೇಕು?

ಟೆಕ್ಸಸ್‌ನಲ್ಲಿರುವ ನಮ್ಮವರ ಮನೆಗೆ ಊರಿಂದ ಹಿರಿಯರು ಬಂದರೆ ನಯಾಗರ ಆಯ್ತು, ಒರ್ಲ್ಯಾಂಡೊ ಆಯ್ತು, ಮುಂದೇನು ಅನ್ನುವಾಗ ಕ್ರೂಸ್ ಮಾತು ಬಂದೇ ಬರುತ್ತದೆ. ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಜಗಳ. ಒಬ್ಬರು ರಾಯಲ್ ಕೆರಿಬಿಯನ್ ಬಿಟ್ಟರೆ ಬೇರೇನೂ ಬೇಡ ಅಂತಾರೆ. ಇನ್ನೊಬ್ಬರು ಅಷ್ಟು ದುಡ್ಡು ಯಾಕೆ ಸುರಿಯಬೇಕು, ಕಾರ್ನಿವಲ್ ಸಾಕು ಅಂತಾರೆ. ಡಲ್ಲಾಸ್ ಕಡೆಯ ನಮ್ಮಂಥವರಿಗೆ ಗ್ಯಾಲ್ವೆಸ್ಟನ್ ನಾಲ್ಕೂವರೆ-ಐದು ಗಂಟೆಯ ಡ್ರೈವ್, ಹ್ಯೂಸ್ಟನ್‌ನವರಿಗೆ ಒಂದು ಗಂಟೆ. ಈಗ ಆ ಒಂದೇ ಬಂದರಿನಿಂದ ಕಾರ್ನಿವಲ್, ರಾಯಲ್ ಕೆರಿಬಿಯನ್, ನಾರ್ವೀಜಿಯನ್, ಎಂಎಸ್‌ಸಿ ನಾಲ್ಕೂ ಕಂಪನಿಗಳ ಹಡಗುಗಳು ಹೊರಡುತ್ತವೆ. ವಿಮಾನದ ಖರ್ಚಿಲ್ಲದೆ ನಾಲ್ಕನ್ನೂ ತೂಗಿ ನೋಡುವ ಅವಕಾಶ ನಮಗಿದೆ. ಅಪ್ಪ-ಅಮ್ಮ ಮತ್ತು ಮಕ್ಕಳ ಜೊತೆ ಹೋಗಿ ಬಂದವನಾಗಿ ನಾನು ಹೇಳುವುದಿಷ್ಟು: ಕಂಪನಿಗಿಂತ ಮೊದಲು ಹಡಗು ನೋಡಿ, ಹಡಗಿಗಿಂತ ಮೊದಲು ಜೊತೆಗೆ ಯಾರು ಬರುತ್ತಿದ್ದಾರೆ ಅಂತ ನೋಡಿ.

ಅದಕ್ಕೂ ಮೊದಲು ವೀಸಾ. ಇದು ಬೇಸರದ ವಿಷಯ ನಿಜ, ಆದರೆ ಪ್ರವಾಸ ಕೆಡುವುದು ಇಲ್ಲೇ. ಗ್ಯಾಲ್ವೆಸ್ಟನ್‌ನ ಹಡಗುಗಳು ಹೆಚ್ಚಾಗಿ ಮೆಕ್ಸಿಕೊದ ಕೊಜುಮೆಲ್, ಕೋಸ್ತಾ ಮಾಯಾ, ಪ್ರೊಗ್ರೆಸೊ ಮತ್ತು ಹೊಂಡುರಾಸ್‌ನ ರೊವಾಟಾನ್ ದ್ವೀಪಕ್ಕೆ ಹೋಗುತ್ತವೆ. ಹಡಗು ಅಮೆರಿಕ ಬಿಟ್ಟು ಹೋಗಿ ಮತ್ತೆ ಒಳಗೆ ಬರುತ್ತದೆ, ಹಾಗಾಗಿ ಅಪ್ಪ-ಅಮ್ಮನ ಬಿ-2 ಪ್ರವಾಸಿ ವೀಸಾ ಮಲ್ಟಿಪಲ್ ಎಂಟ್ರಿಯದ್ದೇ, ಅಂದರೆ ಮತ್ತೆ ಮತ್ತೆ ಒಳಗೆ ಬರಲು ಬಿಡುವಂಥದ್ದೇ ಆಗಿರಬೇಕು. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಭಾರತೀಯ ಪಾಸ್‌ಪೋರ್ಟಿಗೆ ಮೆಕ್ಸಿಕೊದ ಬೇರೆ ವೀಸಾ ಬೇಕಾಗಿಲ್ಲ. ರೊವಾಟಾನ್ ಸೇರಿದ್ದರೆ, ಹೊಂಡುರಾಸ್ ವೀಸಾ ಬೇಕೇ ಅಂತ ಬುಕ್ ಮಾಡುವ ಮುಂಚೆ ಕಂಪನಿಯಿಂದ ಇಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ "ನೋ ಪ್ರಾಬ್ಲಂ" ಅಂದವರು ಬಂದರಿನಲ್ಲಿ ನಿಮ್ಮ ಪಕ್ಕ ನಿಂತಿರುವುದಿಲ್ಲ.

ಎಚ್-1ಬಿ ಕೆಲಸದ ವೀಸಾದವರು ಇನ್ನೂ ಹುಷಾರಾಗಿರಬೇಕು. ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಮುಗಿದಿದ್ದರೂ ಆಟೋಮ್ಯಾಟಿಕ್ ರಿವ್ಯಾಲಿಡೇಶನ್ (ಮುಗಿದ ಸ್ಟಾಂಪಿನಲ್ಲೇ ವಾಪಸ್ ಬರಲು ಬಿಡುವ ನಿಯಮ) ಇದೆಯಲ್ಲ ಅಂತ ಹೊರಡುವವರಿದ್ದಾರೆ. ಎಚ್-1ಬಿಗೆ ಆ ನಿಯಮ ಕೆನಡಾ ಮತ್ತು ಮೆಕ್ಸಿಕೊಗೆ ಮೂವತ್ತು ದಿನದೊಳಗೆ ಹೋಗಿ ಬರುವವರಿಗೆ ಮಾತ್ರ, ಕೆರಿಬಿಯನ್ ದ್ವೀಪಗಳಿಗಲ್ಲ, ಹೊಂಡುರಾಸ್‌ಗೂ ಅಲ್ಲ. ಮೆಕ್ಸಿಕೊ ಒಂದನ್ನೇ ಮುಟ್ಟಿದರೂ, ಮುಗಿದ ಅಮೆರಿಕ ವೀಸಾ ತೋರಿಸಿ ಮೆಕ್ಸಿಕೊ ವೀಸಾ ತಪ್ಪಿಸಿಕೊಳ್ಳುವಂತಿಲ್ಲ. ಸ್ಟಾಂಪ್ ಮುಗಿದಿದ್ದರೆ ಕ್ರೂಸ್ ಮುಂದಕ್ಕೆ ಹಾಕಿ. ಅಲಾಸ್ಕ ಕನಸಿರುವವರಿಗೂ ಒಂದು ಮಾತು: ಸಿಯಾಟಲ್‌ನಿಂದ ಹೊರಡುವ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. 1886ರ ಅಮೆರಿಕದ ಕಾನೂನಿನ ಪ್ರಕಾರ ವಿದೇಶಿ ಧ್ವಜದ ಹಡಗು ನಡುವೆ ವಿದೇಶಿ ಬಂದರು ಮುಟ್ಟದೆ ಅಂಥ ಸುತ್ತು ಹೊಡೆಯುವಂತಿಲ್ಲ. ಅಷ್ಟು ಹೊತ್ತಿಗೂ ನಮ್ಮ ಹಿರಿಯರಿಗೆ ಕೆನಡಾ ವೀಸಾ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಬೇಡ.

ಇನ್ನು ಕಂಪನಿಗಳಿಗೆ ಬರೋಣ.

ಕಾರ್ನಿವಲ್ 1972ರಲ್ಲಿ ಶುರುವಾದ ಕಂಪನಿ. ಅದರ ಮೊದಲ ಹಡಗು ಮೊದಲ ಪ್ರಯಾಣದಲ್ಲೇ ಮಯಾಮಿ ಹತ್ತಿರ ಮರಳಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಈಗ ಪ್ರಿನ್ಸೆಸ್, ಹಾಲೆಂಡ್ ಅಮೆರಿಕ, ಕೋಸ್ಟಾ, ಕುನಾರ್ಡ್ ಎಲ್ಲವೂ ಅದೇ ಮನೆತನಕ್ಕೆ ಸೇರಿವೆ. ಗ್ಯಾಲ್ವೆಸ್ಟನ್‌ನಲ್ಲಿ ಬೇರೂರಿರುವುದು ಇವರೇ, ನಾಲ್ಕೈದು ದಿನದ ಅಗ್ಗದ ಪ್ರಯಾಣಕ್ಕೂ ಇವರ ಕಡೆಯೇ ಆಯ್ಕೆ ಹೆಚ್ಚು. ಸ್ವಭಾವ ಗಲಾಟೆಯದು. ಡೆಕ್ ಮೇಲೆ ಡಿಜೆ, ಪೂಲ್ ಪಕ್ಕ ಸ್ಪರ್ಧೆ, ರಾತ್ರಿ ಕಾಮಿಡಿ ಶೋ. ಮಾರ್ಚ್ ಮಧ್ಯದಲ್ಲಿ, ಶಾಲೆ-ಕಾಲೇಜುಗಳ ಸ್ಪ್ರಿಂಗ್ ಬ್ರೇಕ್ ರಜೆಯ ಹೊತ್ತಿಗೆ, ಹಿರಿಯರನ್ನು ಕರೆದುಕೊಂಡು ಇದರಲ್ಲಿ ಹೋಗುವುದು ಬೇಡ, ನನ್ನ ಮಾತು ಕೇಳಿ. ಸೆಪ್ಟೆಂಬರ್‌ನಲ್ಲಿ, ಶಾಲೆ ಶುರುವಾದ ಮೇಲೆ, ಅದೇ ಹಡಗು ಬೇರೆಯೇ ಲೋಕ. ಚಂಡಮಾರುತದ ಕಾಲ ಅನ್ನುವುದೊಂದೇ ತಲೆನೋವು. ಬಿರುಗಾಳಿ ಬಂದರೆ ಹಡಗು ದಾರಿ ಬದಲಿಸುತ್ತದೆ, ನೀವು ದುಡ್ಡು ಕೊಟ್ಟ ಊರು ತಪ್ಪಿಹೋಗಬಹುದು.

ಅಪ್ಪ ಕಾರ್ನಿವಲ್‌ನ ಬೆಳಗಿನ ಬಫೆಯಲ್ಲಿ ಬಿಳಿ ಗ್ರಿಟ್ಸ್ (ಜೋಳದ ರವೆಯ ಗಂಜಿ) ಕಂಡು "ಉಪ್ಪಿಟ್ಟು ಇಟ್ಟಿದ್ದಾರಲ್ಲೋ" ಎಂದು ಖುಷಿಯಿಂದ ತಟ್ಟೆ ತುಂಬಿಸಿಕೊಂಡು ಬಂದರು. ಎರಡು ಚಮಚ ತಿಂದು ಏನೂ ಹೇಳದೆ ಜೇಬಿನಿಂದ ಎಂಟಿಆರ್ ಉಪ್ಪಿನಕಾಯಿ ಪ್ಯಾಕೆಟ್ ತೆಗೆದರು. ಆಮೇಲೆ ದಿನಾ ಅದೇ ತಿಂಡಿ. ಮನೆಯಲ್ಲಿ ಮಾಡಿದ ಚಟ್ನಿಪುಡಿ, ಕೋಡುಬಳೆ ಒಳಗೆ ತರಲು ಬಿಡುವುದಿಲ್ಲ, ಅಂಗಡಿಯ ಸೀಲ್ ಒಡೆಯದ ಪ್ಯಾಕೆಟ್‌ಗೆ ತೊಂದರೆ ಇಲ್ಲ. ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ಯಾವ ಹಡಗಿನಲ್ಲೂ ನಡೆಯುವುದಿಲ್ಲ, ಸ್ಕ್ಯಾನರ್‌ನಲ್ಲಿ ಸಿಕ್ಕಿಬೀಳುತ್ತದೆ.

ರಾಯಲ್ ಕೆರಿಬಿಯನ್ ದುಬಾರಿ. ಆ ದುಬಾರಿಗೆ ಅರ್ಥವಿರುವುದು ದೊಡ್ಡ ಹಡಗಿನಲ್ಲಿ ಮಾತ್ರ. 2022ರಲ್ಲಿ ಗ್ಯಾಲ್ವೆಸ್ಟನ್‌ನಲ್ಲಿ ಸ್ವಂತ ಟರ್ಮಿನಲ್ ಕಟ್ಟಿಕೊಂಡ ಮೇಲೆ ಓಯಸಿಸ್ ವರ್ಗದ ಹಡಗುಗಳನ್ನು ಇಲ್ಲಿಗೆ ತಂದರು. ನಾವು ಹತ್ತಿದ್ದು ಹಾರ್ಮನಿ ಆಫ್ ದಿ ಸೀಸ್. ಎರಡು ಲಕ್ಷ ಟನ್ನಿಗೂ ಮೀರಿದ, ಐದು ಸಾವಿರಕ್ಕೂ ಹೆಚ್ಚು ಪ್ರಯಾಣಿಕರ ಹಡಗು. ನಡುವೆ ಆಕಾಶಕ್ಕೆ ತೆರೆದುಕೊಂಡ ಸೆಂಟ್ರಲ್ ಪಾರ್ಕ್ ಇದೆ, ನಿಜವಾದ ಗಿಡಗಳೇ. ಸಂಜೆ ಅಲ್ಲಿ ಜನ ಕಡಿಮೆ. ಮಕ್ಕಳು ಮೇಲೆ ಜಾರುಬಂಡಿಯಲ್ಲಿ, ನಾವು ಐಸ್ ಶೋನಲ್ಲಿ, ಅಮ್ಮ ಪಾರ್ಕಿನ ಬೆಂಚಿನಲ್ಲಿ ವಿಷ್ಣು ಸಹಸ್ರನಾಮ. ಮೂರು ತಲೆಮಾರು ಒಟ್ಟಿಗೆ ಹೋಗಿಯೂ ಒಬ್ಬರಿಗೊಬ್ಬರು ಕಾಟ ಕೊಡದೆ ಇರಬಹುದಾದ ಹಡಗು ಇದು. ಇದೇ ಕಂಪನಿಯ ಹಳೆಯ, ಚಿಕ್ಕ ಹಡಗುಗಳಲ್ಲಿ ಇದೆಲ್ಲ ಇರುವುದಿಲ್ಲ. ರಾಯಲ್‌ನ ಹಳೆಯ ಹಡಗಿಗೂ ಹೊಸ ಹಡಗಿಗೂ ಇರುವ ಅಂತರ, ರಾಯಲ್‌ನ ಹೊಸ ಹಡಗಿಗೂ ಕಾರ್ನಿವಲ್‌ನ ಹೊಸ ಹಡಗು ಜುಬಿಲಿಗೂ ಇರುವ ಅಂತರಕ್ಕಿಂತ ದೊಡ್ಡದು. ಹಾಗಾಗಿ "ರಾಯಲ್ ಹೇಗೆ, ಕಾರ್ನಿವಲ್ ಹೇಗೆ" ಅನ್ನುವ ಚರ್ಚೆಗೆ ನಾನು ಕೈಹಾಕುವುದಿಲ್ಲ. ಹಡಗಿನ ಹೆಸರು ಹೇಳಿ, ಯಾವ ವರ್ಷದ್ದು ಹೇಳಿ, ಆಮೇಲೆ ಮಾತಾಡೋಣ.

ಊಟದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ನಮ್ಮವರ ಪ್ರವಾಸ ನಿಲ್ಲುವುದೂ ಬೀಳುವುದೂ ಅದರ ಮೇಲೆ. ಬುಕ್ ಮಾಡುವಾಗ ಊಟಕ್ಕೆ ಎರಡು ಬಗೆ ಕೇಳುತ್ತಾರೆ: ದಿನಾ ಒಂದೇ ಸಮಯ, ಒಂದೇ ಟೇಬಲ್, ಅದೇ ವೇಟರ್, ಇಲ್ಲವೇ ಮನಸ್ಸು ಬಂದಾಗ ಹೋಗುವುದು. ಸ್ವಾತಂತ್ರ್ಯ ಇರಲಿ ಅಂತ ಎಲ್ಲರೂ ಎರಡನೆಯದನ್ನು ಒತ್ತುತ್ತಾರೆ. ಸಸ್ಯಾಹಾರಿಗಳು ಮೊದಲನೆಯದನ್ನೇ ಒತ್ತಬೇಕು. ಮೆನುವಿನಲ್ಲಿಲ್ಲದ ನಮ್ಮ ಊಟ ಬರುವುದು ಹೆಡ್ ವೇಟರ್ ಹಿಂದಿನ ದಿನವೇ ಅಡುಗೆಮನೆಗೆ ಹೇಳಿದರೆ. ದಿನಾ ಬೇರೆ ಟೇಬಲ್‌ನಲ್ಲಿ ಕೂತರೆ ದಿನಾ ಮೊದಲಿನಿಂದ ಕಥೆ ಹೇಳಬೇಕು. ಹಾರ್ಮನಿಯಲ್ಲಿ ನಮ್ಮ ಹೆಡ್ ವೇಟರ್ ಮಂಗಳೂರು ಕಡೆಯವರು. ಅಮ್ಮ ಪುತ್ತೂರಿನವರು. ತುಳು ಮಾತು ಕಿವಿಗೆ ಬಿದ್ದ ಕೂಡಲೇ ಅವರು ಜೇಬಿನಿಂದ ಚೀಟಿ ತೆಗೆದು, ಈರುಳ್ಳಿ ಬೆಳ್ಳುಳ್ಳಿ ಆಗುತ್ತದೋ, ಮೊಟ್ಟೆ ಸೋಕಿದ ಬ್ರೆಡ್ ಆಗುತ್ತದೋ ಅಂತ ಒಂದೊಂದಾಗಿ ಬರೆದುಕೊಂಡರು. ಮರುದಿನದಿಂದ ದಾಲ್, ಒಂದು ಪಲ್ಯ, ಅನ್ನ, ಸಣ್ಣ ಬಟ್ಟಲಿನಲ್ಲಿ ಮೊಸರು. ಗೋವಾ, ಮಂಗಳೂರು, ಕೇರಳದ ಹುಡುಗರು ಎಲ್ಲ ಕಂಪನಿಗಳ ಹಡಗಿನಲ್ಲೂ ಇದ್ದಾರೆ. ಸಂಕೋಚ ಬಿಟ್ಟು ಮೊದಲ ದಿನವೇ ಕೇಳಿ. ಆದರೆ "ವೆಜಿಟೇರಿಯನ್" ಅಂದರೆ ಅವರ ಲೆಕ್ಕದಲ್ಲಿ ಮೊಟ್ಟೆ ಸೇರುತ್ತದೆ. ತರಕಾರಿ ಸೂಪಿಗೆ ಚಿಕನ್ ಸ್ಟಾಕ್ ಇರಬಹುದು, ಸೀಸರ್ ಸಲಾಡಿನ ಡ್ರೆಸ್ಸಿಂಗಿನಲ್ಲಿ ಮೀನು ಇರುತ್ತದೆ, ಅಲುಗಾಡುವ ಸಿಹಿತಿಂಡಿಯಲ್ಲಿ ಜೆಲಟಿನ್. ಮಧ್ಯಾಹ್ನಕ್ಕೆ ರಾಯಲ್‌ನ ವಿಂಡ್‌ಜ್ಯಾಮರ್ ಬಫೆಯಲ್ಲಿ ಭಾರತೀಯ ಮೇಲೋಗರದ ಸಾಲು ಇರುತ್ತದೆ, ಕಾರ್ನಿವಲ್‌ನ ಕೆಲವು ಹಡಗುಗಳಲ್ಲಿ ತಂದೂರ್ ಕೌಂಟರ್ ಇದೆ.

ನಾರ್ವೀಜಿಯನ್ ಮಂದಿ 2000ದಲ್ಲಿ 'ಫ್ರೀಸ್ಟೈಲ್' ಅಂತ ಶುರು ಮಾಡಿದರು. ಊಟಕ್ಕೆ ನಿಗದಿತ ಸಮಯವಿಲ್ಲ, ಕೋಟು-ಟೈ ರಾತ್ರಿ ಇಲ್ಲ. ಮೇಲೆ ಹೇಳಿದ ಕಾರಣಕ್ಕೆ ಕಟ್ಟುನಿಟ್ಟು ಸಸ್ಯಾಹಾರಿಗಳಿಗೆ ಇದು ಕಷ್ಟ ಅನ್ನಬಹುದಿತ್ತು. ಆದರೆ ಪ್ರೈಮಾ, ವೀವಾದಂಥ ಹೊಸ ಹಡಗುಗಳ ಇಂಡಲ್ಜ್ ಫುಡ್ ಹಾಲ್‌ನಲ್ಲಿ ತಮಾರಾ ಅನ್ನುವ ಭಾರತೀಯ ಕೌಂಟರ್ ಇದೆ, ಟಿಕೆಟ್ಟಿನಲ್ಲೇ ಸೇರಿದ್ದು. ಟ್ಯಾಬ್ಲೆಟ್‌ನಲ್ಲಿ ಆರ್ಡರ್ ಮಾಡಿದರೆ ಟೇಬಲ್‌ಗೆ ಬರುತ್ತದೆ. ನಮ್ಮೂರಿನ ರುಚಿ ಅಂತೇನಲ್ಲ, ಹಸಿವಿಗೆ ಮೋಸವಿಲ್ಲ. ಮಕ್ಕಳಿಲ್ಲದ ಜೋಡಿಗಳಿಗೆ, ಒಬ್ಬರೇ ಹೋಗುವವರಿಗೆ ನನ್ನ ಮೊದಲ ಆಯ್ಕೆ ಇದು. ಒಂಟಿ ಪ್ರಯಾಣಿಕರಿಗಾಗಿಯೇ ಮಾಡಿದ ಸ್ಟುಡಿಯೊ ಕೋಣೆಗಳನ್ನು 2010ರಲ್ಲಿ ತಂದವರು ಇವರೇ, ಬೇರೆ ಕಡೆ ಒಬ್ಬರೇ ಹೋದರೂ ಹೆಚ್ಚುಕಡಿಮೆ ಇಬ್ಬರ ದುಡ್ಡು ಕಕ್ಕಬೇಕು. ಗ್ಯಾಲ್ವೆಸ್ಟನ್‌ಗೆ ಇವರು ಬರುವುದು ಚಳಿಗಾಲದಲ್ಲಿ. ಇವರ ಬೆಲೆಯಲ್ಲಿ ಪಾನೀಯದ ಪ್ಯಾಕೇಜ್ ಅಂಟಿಸಿರುತ್ತಾರೆ. ಉಚಿತ ಅಂದರೂ ಅದರ ಮೇಲಿನ ಶೇ. 20ರ ಸರ್ವಿಸ್ ಚಾರ್ಜ್ ನಿಮ್ಮದೇ. ಕುಡಿಯದ ಮನೆಯವರು ಅದನ್ನು ತೆಗೆಸಿ ಬರೀ ಟಿಕೆಟ್ ದರ ಕೇಳಿ.

ಎಂಎಸ್‌ಸಿ ಈ ನಾಲ್ವರಲ್ಲಿ ಷೇರುಪೇಟೆಗೆ ಬರದ ಕುಟುಂಬದ ಕಂಪನಿ, ಮುಖ್ಯ ಕಚೇರಿ ಜಿನೀವಾದಲ್ಲಿ. 2025ರ ಕೊನೆಯಿಂದ ಸೀಸ್ಕೇಪ್ ಗ್ಯಾಲ್ವೆಸ್ಟನ್‌ನಿಂದ ಹೊರಡುತ್ತಿದೆ, 2022ರ ಹಡಗು. ಹೊಸಬರಾದ್ದರಿಂದ ದರ ಇಳಿಸಿ ಜನ ಹಿಡಿಯುತ್ತಿದ್ದಾರೆ. ನಾನು ಇದನ್ನಿನ್ನೂ ಹತ್ತಿಲ್ಲ, ಹತ್ತಿ ಬಂದ ಸ್ನೇಹಿತರ ಮಾತು ನಂಬಬಹುದಾದರೆ ಹಡಗು ಥಳಥಳ, ಪಿಜ್ಜಾ ಅದ್ಭುತ, ಉಳಿದ ಊಟ ಸಾಧಾರಣ. ಅತಿ ಅಗ್ಗದ ಬೆಲ್ಲಾ ದರದಲ್ಲಿ ಕೋಣೆ ಆರಿಸುವ ಹಕ್ಕಿಲ್ಲ, ಅವರು ಕೊಟ್ಟದ್ದೇ ಪಂಚಾಮೃತ. ಎರಡು ಕೋಣೆ ಪಕ್ಕಪಕ್ಕ ಬೇಕೆನ್ನುವ ಕುಟುಂಬಕ್ಕೆ ಅದು ಆಗಿಬರುವುದಿಲ್ಲ. ಬೇರೆ ಕ್ರೂಸ್ ಅಥವಾ ಹೋಟೆಲ್ ಸದಸ್ಯತ್ವದಲ್ಲಿ ಮೇಲಿನ ಮಟ್ಟ ಇದ್ದರೆ ಇವರು ಅದಕ್ಕೆ ಸರಿಸಮ ಮಟ್ಟ ಕೊಡುತ್ತಾರೆ, ಕೇಳಿ ನೋಡಿ.

ಜಾಹೀರಾತಿನ ದರ ನೋಡಿ ಹೋಲಿಸುವುದು ವ್ಯರ್ಥ. ಟಿಪ್ಸ್ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್, ತೀರಾ ಕೂಸುಗಳನ್ನು ಬಿಟ್ಟರೆ ಮಕ್ಕಳಿಗೂ ಹೆಚ್ಚಿನ ಕಡೆ ಅಷ್ಟೇ. 18 ಅಂತ ಹಿಡಿದರೂ ಐದು ಜನರ ಕುಟುಂಬಕ್ಕೆ ಏಳು ರಾತ್ರಿಗೆ 630 ಡಾಲರ್. ಅದರ ಮೇಲೆ ತೆರಿಗೆ, ಬಂದರು ಶುಲ್ಕ, ಕಾರ್ ಪಾರ್ಕಿಂಗ್, ವೈಫೈ. ವೈಫೈ ಹಡಗು ಹತ್ತಿದ ಮೇಲೆ ಕೊಂಡರೆ ದುಬಾರಿ, ಮೊದಲೇ ಆ್ಯಪ್‌ನಲ್ಲಿ ಕೊಳ್ಳಿ. ಒಬ್ಬರ ಹೆಸರಿನಲ್ಲಿ ಒಂದು ಪ್ಯಾಕೇಜ್ ಸಾಕು, ಸರದಿಯಲ್ಲಿ ಲಾಗಿನ್ ಆಗಬಹುದು. ರಾಯಲ್ ಮತ್ತು ಕಾರ್ನಿವಲ್‌ನಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಅದೇ ಕೋಣೆಯ ಉಳಿದ ವಯಸ್ಕರೂ ಕೊಳ್ಳಬೇಕು ಅನ್ನುವುದು ನೆನಪಿರಲಿ. ಅಪ್ಪನಿಗೆ ಬಿಯರ್ ಪ್ಯಾಕೇಜ್ ಕೊಡಿಸುವ ಸಾಹಸ ಯಾರಿಗೂ ಬೇಡ.

ಕೋಣೆ ಆರಿಸುವಾಗ ಹಡಗಿನ ನಕ್ಷೆ ತೆರೆದು ತಲೆಯ ಮೇಲೆ, ಕಾಲ ಕೆಳಗೆ ಏನಿದೆ ನೋಡಿ. ಮೇಲೂ ಕೆಳಗೂ ಕೋಣೆಗಳೇ ಇದ್ದರೆ ನಿದ್ದೆ. ಮೇಲೆ ಬಫೆ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು. ಹಿರಿಯರಿಗೆ ಹಡಗಿನ ನಡುಭಾಗ, ಕೆಳಗಿನ ಡೆಕ್, ಲಿಫ್ಟ್ ಹತ್ತಿರ. ಅಲುಗಾಟ ಕಡಿಮೆ, ನಡಿಗೆಯೂ ಕಡಿಮೆ. ಮಂಡಿ ನೋವಿರುವವರು ದೋಣಿಯಲ್ಲಿ ಇಳಿಸುವ ಬೆಲೀಜ್, ಗ್ರ್ಯಾಂಡ್ ಕೇಮನ್‌ನಂಥ ಊರು ಬಿಟ್ಟು ಹಡಗು ನೇರವಾಗಿ ಕಟ್ಟೆಗೆ ತಾಗುವ ಕೊಜುಮೆಲ್, ಕೋಸ್ತಾ ಮಾಯಾ ಹಿಡಿಯಲಿ. ವಿಸಿಟರ್ ಇನ್ಶೂರೆನ್ಸ್ ಹಡಗಿನ ಮೇಲೆ ಅನ್ವಯಿಸುತ್ತದೆಯೇ ಅಂತ ಪಾಲಿಸಿ ಓದಿ. ಅನ್ವಯಿಸಿದರೂ ಹಡಗಿನ ವೈದ್ಯರಿಗೆ ಮೊದಲು ನಿಮ್ಮ ಕಾರ್ಡಿನಿಂದಲೇ ಹಣ ಹೋಗುತ್ತದೆ, ಆಮೇಲೆ ನೀವು ಕ್ಲೇಮ್ ಮಾಡಬೇಕು.

ದಡದ ಪ್ರವಾಸದಲ್ಲಿ ಒಂದು ಗಡಿಯಾರದ ಗುಟ್ಟಿದೆ. ಕೊಜುಮೆಲ್, ಕೋಸ್ತಾ ಮಾಯಾ ಇರುವ ಕಿಂತಾನಾ ರೋ ರಾಜ್ಯ ಗಡಿಯಾರ ತಿರುಗಿಸುವುದಿಲ್ಲ. ಬೇಸಿಗೆಯಲ್ಲಿ ಟೆಕ್ಸಸ್‌ಗೂ ಅದಕ್ಕೂ ಒಂದೇ ಸಮಯ, ಚಳಿಗಾಲದಲ್ಲಿ ಅಲ್ಲಿ ಒಂದು ಗಂಟೆ ಮುಂದೆ. ಹಡಗು ತನ್ನ ಸಮಯದಲ್ಲೇ ಇರಬಹುದು, ನಿಮ್ಮ ಫೋನ್ ಊರಿನ ಸಮಯಕ್ಕೆ ಜಿಗಿಯುತ್ತದೆ. ಇಳಿಯುವಾಗ ಹಡಗಿನ ಸಮಯ ನೋಡಿ ಕೈಗಡಿಯಾರಕ್ಕೆ ಹಾಕಿಕೊಳ್ಳಿ. ತಡವಾದರೆ ಹಡಗು ಕಾಯುವುದು ಅವರದೇ ಟೂರಿನಲ್ಲಿ ಹೋದವರಿಗೆ ಮಾತ್ರ. ಪ್ರೊಗ್ರೆಸೊದಿಂದ ಚಿಚೆನ್ ಇಟ್ಸಾ ಹೋಗುವುದಾದರೆ ಬಸ್ಸಿನಲ್ಲೇ ಸುಮಾರು ಎರಡು ಗಂಟೆ, ಅಲ್ಲಿ ಬಿಸಿಲಿಗೆ ನೆರಳಿಲ್ಲ. ಅದಕ್ಕೆ ಹಡಗಿನ ಟೂರೇ ಇರಲಿ, ದುಡ್ಡು ಹೆಚ್ಚಾದರೂ. ಕೊಜುಮೆಲ್‌ನಲ್ಲಿ ಟ್ಯಾಕ್ಸಿ ಹಿಡಿದು ಸಾನ್ ಹೆರ್ವಾಸಿಯೊ ನೋಡಿ ಬರುವುದು ಸುಲಭ. ಇಶ್ಚೆಲ್ ದೇವಿಯ ಮಾಯಾ ಕ್ಷೇತ್ರ, ಹೆಂಗಸರು ದೋಣಿಯಲ್ಲಿ ಹರಕೆ ಹೊತ್ತು ಬರುತ್ತಿದ್ದ ಜಾಗ. ಅಮ್ಮನಿಗೆ ಇಡೀ ಪ್ರವಾಸದಲ್ಲಿ ಹಿಡಿಸಿದ್ದು ಅದೇ.

ಜನವರಿ-ಫೆಬ್ರವರಿಯಲ್ಲಿ ಹೋಗುವವರು ಮಂಜಿಗೆ ಸಿದ್ಧರಿರಿ. ಗ್ಯಾಲ್ವೆಸ್ಟನ್ ಕಾಲುವೆ ಮಂಜಿಗೆ ಮುಚ್ಚಿದರೆ ಹಡಗು ಹೊರಗೆ ಸಮುದ್ರದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ, ಕೆಲವೊಮ್ಮೆ ಇಡೀ ದಿನ. ನಮ್ಮ ಹಡಗು ಬೆಳಗ್ಗೆ ಇಳಿಸಬೇಕಾದ್ದು ಮಧ್ಯಾಹ್ನ ದಾಟಿತು, ಹ್ಯೂಸ್ಟನ್‌ನ ಹಾಬಿ ವಿಮಾನ ನಿಲ್ದಾಣದಿಂದ ಹನ್ನೊಂದಕ್ಕೆ ವಿಮಾನವಿದ್ದವರು ಲಾಬಿಯಲ್ಲಿ ಫೋನ್ ಹಿಡಿದು ಓಡಾಡುತ್ತಿದ್ದರು. ಬೇರೆ ಊರಿಂದ ವಿಮಾನದಲ್ಲಿ ಬರುವವರು ಹೋಗುವಾಗ ಹಿಂದಿನ ದಿನವೇ ಬಂದು ಸೇರಿ, ವಾಪಸ್ಸಿಗೆ ಸಂಜೆಯ ವಿಮಾನವನ್ನೇ ಹಿಡಿಯಿರಿ. ಇಳಿಯುವಾಗ ಬಫೆಯ ಬಾಳೆಹಣ್ಣು, ಸೇಬು ಅಮ್ಮಂದಿರ ಬ್ಯಾಗಿನಲ್ಲಿ ಉಳಿದಿಲ್ಲ ಅಂತ ಒಮ್ಮೆ ನೋಡಿಕೊಳ್ಳಿ, ಕಸ್ಟಮ್ಸ್ ನಾಯಿ ಅಲ್ಲೇ ಓಡಾಡುತ್ತಿರುತ್ತದೆ.